ಹಾಲು ಕೊಟ್ಟವಳ ಸಾಕ್ಷಿ

ಮಾನ್ಯ ನಗರಾಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಶಿಬೆನಿಕ್ ಬಂದರಿನ ಸಭಿಕ ಬಂಧುಗಳೇ,

ಚಕ್ರವರ್ತಿಯವರ ರಾಯಭಾರಿಯಾಗಿ ದೇಶ ದೇಶ ತಿರುಗಿ ನಿವೃತ್ತನಾದ ನನ್ನನ್ನು ನೀವು ಕರೆದು ಸನ್ಮಾನಿಸಿದ್ದೀರಿ. ಅಧ್ಯಕ್ಷರು ಈಗಷ್ಟೇ ‘ಬ್ಯಾರನ್ ಸ್ಟ್ರಾಡೆಕ್ ಅವರ ಸುಪುತ್ರ’ ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ನನಗೆ ಸಿಟ್ಟಿಲ್ಲ. ಈ ಊರಿನಲ್ಲಿ ಆ ಕೆಮ್ಮಿಗೆ ನನ್ನಷ್ಟೇ ವಯಸ್ಸು!

ನಿಮಗೆ ಗೊತ್ತಿರುವುದೇ. ಬ್ಯಾರನ್ನರ ಹೆಂಡತಿ ಗಂಡು ಕೂಸನ್ನು ಹೆತ್ತು, ಬಾಣಂತಿಯಾಗಿದ್ದಾಗಲೇ ತೀರಿಕೊಂಡರು. ಆ ಕೂಸಿಗೆ ಹಾಲೂಡಿಸಲು ಬೆಸ್ತರ ಪೆರಿನಾ ತನ್ನ ಕೂಸನ್ನೂ ಎತ್ತಿಕೊಂಡು ಬಂದಳು. ಜ್ವರ ಬಂತು, ಒಂದು ಕೂಸು ಹೋಯಿತು. ಯಾವುದು? ಬ್ಯಾರನ್ ಸತ್ತ ಮೇಲೆ ದಾಯಾದಿಗಳು ನ್ಯಾಯಾಲಯದಲ್ಲಿ ಕೇಳಿದ್ದು ಇದನ್ನೇ. “ಇವನು ಬೆಸ್ತರವಳ ಮಗ, ಬಿರುದು ನಮ್ಮದು” ಎಂದರು. ಪೆರಿನಾ ಶಿಲುಬೆ ಮುಟ್ಟಿ ಹೇಳಿದಳು: “ಹಾಲು ಕೊಟ್ಟಿದ್ದೀನಿ ಸ್ವಾಮಿ, ಹೆತ್ತಿಲ್ಲ. ನನ್ನ ಕೂಸು ಮಣ್ಣಲ್ಲಿದೆ.”

ನಾನು ಗೆದ್ದೆ. ಗೆದ್ದವನು ಸಂತೋಷಪಡಬೇಕಲ್ಲವೇ? ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆಮೇಲೆ ರಜೆ ಸಿಕ್ಕಾಗಲೆಲ್ಲ ಹುರಿದ ಮೀನಿನ ನೆಪದಲ್ಲಿ ಅವಳ ಊಟದಂಗಡಿಗೆ ಬಂದೆ. ನಾವಿಕರನ್ನೆಲ್ಲ “ಬಾರೋ, ಕೂತ್ಕೊಳೋ, ತಿನ್ನೋ ಕತ್ತೆ” ಎನ್ನುವವಳು ನನಗೆ ಮಾತ್ರ “ಬನ್ನಿ, ಕೂತ್ಕೊಳ್ಳಿ” ಎನ್ನುತ್ತಿದ್ದಳು. ಆ ನಾವಿಕರ ಮೇಲೆ ನನಗೆಂಥ ಹೊಟ್ಟೆಕಿಚ್ಚು! ಅರಮನೆಗಳಲ್ಲಿ ಎಷ್ಟೋ ಮರ್ಯಾದೆ ಕಂಡೆ. ಬೇಕಾಗಿದ್ದದ್ದು ಒಂದೇ ಒಂದು ‘ಬಾರೋ’.

ಹೋದ ವರ್ಷ ಸತ್ತವರ ಹಬ್ಬದ ದಿನ ಊರಿಗೆ ಊರೇ ಸಮಾಧಿಗಳಿಗೆ ದೀಪ ಇಡಲು ಹೊರಟಿತ್ತು. ಅವಳು ಒಲೆ ಮುಂದೆಯೇ ಇದ್ದಳು.

“ಪೆರಿನಾ, ನಿನ್ನ ಕೂಸಿಗೆ ದೀಪ ಇಡಲ್ವಾ?”

“ಬದುಕಿರೋನಿಗೆ ದೀಪ ಇಡ್ತಾರೇನೋ ಮಂಕೆ?” ಎಂದುಬಿಟ್ಟಳು.

ಮೀನು ಮಗುಚುತ್ತಿದ್ದ ಕೈ ಅಲ್ಲೇ ನಿಂತಿತು. ತಟ್ಟೆಯನ್ನು ನನ್ನ ಮುಂದಿಟ್ಟು, “ಮೀನು ಆರುತ್ತೆ, ತಿನ್ನಿ” ಎಂದಳು. ತಿಂದೆ. ಏನು ತಿಂದೆನೋ ದೇವರಿಗೇ ಗೊತ್ತು.

ಈ ಚಳಿಗಾಲದಲ್ಲಿ ಅವಳು ಹೋದಳು. ಸುದ್ದಿ ನನ್ನನ್ನು ಮುಟ್ಟುವಷ್ಟರಲ್ಲಿ ನೀವೇ ಮಣ್ಣು ಮಾಡಿದ್ದಿರಿ. ಇನ್ನು ಅವಳನ್ನು ಸುಳ್ಳುಸಾಕ್ಷಿಯೆಂದು ಯಾರೂ ಹಿಡಿದೊಯ್ಯಲಾರರು. ಅದಕ್ಕೇ ಬಾಯಿ ಬಿಟ್ಟೆ. ಬಿರುದನ್ನು ದಾಯಾದಿಗಳಿಗೆ ಬಿಟ್ಟುಕೊಟ್ಟಿದ್ದೇನೆ. ಇವತ್ತು ಬೆಳಿಗ್ಗೆ, ಪೆರಿನಾಳ ಮಗನೆಂದು ನನ್ನ ಹೆಸರು ಹೊತ್ತು ಮಲಗಿರುವ ಆ ಪುಟ್ಟ ಬ್ಯಾರನ್ನನಿಗೆ ದೀಪವಿಟ್ಟೆ. ಪಕ್ಕದಲ್ಲಿ ಅವಳಿಗೂ ಇಟ್ಟು, ‘ಅಮ್ಮಾ’ ಎಂದು ಕರೆದೆ. ಹಿಂದೆ ಯಾರನ್ನೂ ಹಾಗೆ ಕರೆದವನಲ್ಲ ನೋಡಿ, ನಾಲಿಗೆ ತೊದಲಿತು.

ನೀವು ತೊಡಿಸಿದ ಪದಕಕ್ಕೆ ಋಣಿ. ಅದಕ್ಕಿಂತ, ಅವಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಈ ಸಭೆಯಲ್ಲಿದ್ದರೆ ಅವರಿಗೆ ಋಣಿ. ಅದು ಮಗ ಕೊಡಬೇಕಾಗಿದ್ದ ಹೆಗಲು.

ನಮಸ್ಕಾರ.