‘ಬಾರದಿದ್ದರೆ’ ಕಡತದ ಕೊನೆಯ ಪುಟ

ನಮ್ಮನ್ನಗಲಿದ ಸಾಹೇಬರನ್ನು ನೆನೆಯಲು ಈ ಹೊತ್ತಿನಲ್ಲಿ ಕೆಲಸ ಬಿಟ್ಟು ಬಂದಿರುವ ಹಿರಿಯರೇ, ತಾಯಂದಿರೇ, ಪುರಸಭೆಯ ನನ್ನ ಜೊತೆಗಾರರೇ — ಎಲ್ಲರಿಗೂ ನಮಸ್ಕಾರ. ಅತ್ತಿಗೆಯವರೇ, ಮೊಣಕಾಲು ನೋವು ಹೇಗಿದೆ? ಒರಗಿ ಕೂತುಕೊಳ್ಳಿ, ಆ ಕುರ್ಚಿ ಗಟ್ಟಿಯಾಗಿದೆ. ಮಗಳೇ, ನೀನು ಬೆಳಿಗ್ಗೆಯಿಂದ ಏನಾದರೂ ತಿಂದೆಯಾ? ಗುಡಿಸುವ ಅಕ್ಕ, ಕೆಮ್ಮು ಇಳಿಯಿತಾ? ಇದನ್ನೆಲ್ಲ ಮೈಕಿನಲ್ಲಿ ಕೇಳಬಾರದು, ಗೊತ್ತು. ಆದರೆ ಅತ್ತಿಗೆ, ನಿಮ್ಮ ಯಜಮಾನರು, ನಮ್ಮ ಸಾಹೇಬರು, ಹೀಗೆ ಕೇಳದೆ ಯಾವ ಮೀಟಿಂಗನ್ನೂ ಶುರು ಮಾಡಿದವರಲ್ಲ.

ನಾನು ಪಂಪ್‌ಹೌಸಿನವನು. ಮೂವತ್ತೊಂದು ವರ್ಷದಿಂದ ಈ ಊರಿಗೆ ನೀರೆತ್ತುತ್ತಿದ್ದೇನೆ. ಸಾಹೇಬರು ಪುರಸಭೆಯ ಬಜೆಟ್ ಬರೆಯುವವರು. ನಾವೆಲ್ಲ ಅವರ ಬೆನ್ನ ಹಿಂದೆ ‘ಬಂದ್ರೆ ಸಾಹೇಬ್ರು’ ಅನ್ನುತ್ತಿದ್ದೆವು — ಅವರಿಗೂ ಗೊತ್ತಿತ್ತು. ಕೇಂದ್ರ ಸರ್ಕಾರದ ಅನುದಾನ ಬರುತ್ತದೋ ಇಲ್ಲವೋ ಎಂಬುದು ಯಾವ ವರ್ಷವೂ ಖಚಿತವಿರಲಿಲ್ಲ. ಅದಕ್ಕೆ ಒಂದೇ ಊರಿಗೆ ಪ್ರತಿ ವರ್ಷ ಮೂರು ಬಜೆಟ್ ಬರೆಯುತ್ತಿದ್ದರು. ಒಂದು ಕಡತದ ಮೇಲೆ ‘ಬಂದರೆ’. ಇನ್ನೊಂದರ ಮೇಲೆ ‘ಅರ್ಧ ಬಂದರೆ’. ಮೂರನೆಯದರ ಮೇಲೆ — ‘ಬಾರದಿದ್ದರೆ’. ಮೊದಲೆರಡು ತೆಳ್ಳಗೆ. ಮೂರನೆಯದನ್ನು ಎತ್ತಲು ಎರಡೂ ಕೈ ಬೇಕು, ಹೀಗೆ.

ಅದನ್ನು ಕೋಣೆಯಲ್ಲಿ ಕೂತು ಬರೆದವರಲ್ಲ. ಒಬ್ಬೊಬ್ಬರನ್ನೇ ಕರೆದು ಕೇಳುತ್ತಿದ್ದರು: “ದುಡ್ಡು ಬರ್ಲಿಲ್ಲ ಅಂದ್ರೆ ನಿನ್ನ ಕೆಲಸದಲ್ಲಿ ಮೊದಲು ಯಾವುದನ್ನ ಬಿಡ್ತೀಯ?”

ಗುಡಿಸುವ ಅಕ್ಕ ಹೇಳಿದ್ದು ನೆನಪಿದೆ. “ನಿಮ್ಮನೆ ಮುಂದೆ ಗುಡಿಸೋದನ್ನ ಬಿಡ್ತೀನಿ, ಸಾಹೇಬ್ರೇ.”

ಸಾಹೇಬರು ನಗಲಿಲ್ಲ, ಬರೆದುಕೊಂಡರು. ಆ ವರ್ಷ ಅನುದಾನ ಬರಲಿಲ್ಲ. ತಮ್ಮ ಬಾಗಿಲ ಮುಂದೆ ವರ್ಷವಿಡೀ ತಾವೇ ಗುಡಿಸಿದರು — ಕೆಟ್ಟದಾಗಿ. ಅಕ್ಕ ದಾರಿಯಲ್ಲಿ ನಿಂತು ಬೈದು ಬೈದು ಕಲಿಸಿದಳು.

ನನ್ನ ಪುಟದಲ್ಲಿ ಒಂದೇ ಸಾಲು. ‘ಹಳೆಯ ಪಂಪನ್ನು ಮಾರಕೂಡದು. ತಿಂಗಳಿಗೊಮ್ಮೆ ತಿರುಗಿಸಿ, ಗ್ರೀಸ್ ಹಾಕಿಡಬೇಕು.’ ಈಗಿನದು ಕೈಕೊಟ್ಟರೆ ಊರಿಗೆ ಅದೇ ಗತಿ ತಾನೇ? ಹದಿನಾಲ್ಕು ವರ್ಷ ನಾನೇ ಗ್ರೀಸ್ ಹಾಕಿದೆ.

ಆಮೇಲೆ ಕೇಂದ್ರದಿಂದ ಒಂದು ಕಾಗದ ಬಂತು. ಹೊಸ ಪಂಪ್ ಮಂಜೂರಾಗಿದೆ, ಪುರಸಭೆ ತನ್ನ ಪಾಲನ್ನು ತಿಂಗಳೊಳಗೆ ಕಟ್ಟಬೇಕು ಎಂದು. ನಮ್ಮ ಪಾಲಿಗೆ ಕಡಿಮೆ ಬಿದ್ದದ್ದು ಸುಮಾರಾಗಿ ಹಳೆಯ ಪಂಪಿನ ಬೆಲೆಯಷ್ಟು. ಸಾಹೇಬರು ಆ ಕಾಗದ ಹಿಡಿದು ಪಂಪ್‌ಹೌಸಿಗೆ ಬಂದರು. ಕೂರಲಿಲ್ಲ.

“ಏನಯ್ಯಾ, ಏನ್ಮಾಡೋಣ?”

ನಾನು — ಇದನ್ನು ಇವತ್ತು ಹೇಳಲೇಬೇಕು, ಅತ್ತಿಗೆ — ನಾನೇ ಹೇಳಿದೆ. “ಸೀಲು ಬಿದ್ದಿದೆ, ಸಹಿ ಇದೆ. ಜೀವಮಾನದಲ್ಲಿ ಒಂದ್ಸಲನಾದ್ರೂ ನಂಬಿ, ಸಾಹೇಬ್ರೇ.”

ಅವರು ನಂಬಿದರು. ಹಳೆಯ ಪಂಪ್ ಗುಜರಿಯವನ ಗಾಡಿ ಹತ್ತಿತು. ಪಾಲು ಕಟ್ಟಿದೆವು. ಐದು ತಿಂಗಳ ಮೇಲೆ ಇನ್ನೊಂದು ಕಾಗದ: ಯೋಜನೆ ಮರುಪರಿಶೀಲನೆಯಲ್ಲಿದೆ. ಅಷ್ಟೇ. ಹೊಸದು ಬರಲಿಲ್ಲ, ಕಟ್ಟಿದ್ದು ವಾಪಸ್ಸಾಗಲಿಲ್ಲ.

ಸಾಹೇಬರು ಏಳು ಪತ್ರ ಬರೆದರು. ಏಳರಲ್ಲೂ ಕೊನೆಯ ಸಾಲು ಒಂದೇ — ‘ದಯವಿಟ್ಟು ಬೇಗ ಉತ್ತರ ಬರೆಯಿರಿ.’ ಉತ್ತರವಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಕಚೇರಿಗೂ ಮೊದಲು ನನ್ನ ಹತ್ತಿರ ಬರುತ್ತಿದ್ದರು. ಉಳಿದ ಒಂದೇ ಪಂಪಿನ ಮೇಲೆ ಅಂಗೈಯಿಟ್ಟು, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ ಮುಟ್ಟಿ, “ಇವತ್ತು ಶಬ್ದ ಹೇಗಿದೆ?” ಎನ್ನುತ್ತಿದ್ದರು.

ಆಸ್ಪತ್ರೆಯಲ್ಲೂ ಅದೇ ಕೇಳಿದರು. “ಚೆನ್ನಾಗಿದೆ, ಸಾಹೇಬ್ರೇ” ಎಂದೆ. ಕಣ್ಣು ಮುಚ್ಚಿಕೊಂಡರು.

ಸುಳ್ಳು ಹೇಳಿದೆ. ಬೇರಿಂಗ್ ಹೋಗುತ್ತಿದೆ. ಆ ಮಾದರಿಯ ಬಿಡಿಭಾಗ ಈಗ ಎಲ್ಲೂ ತಯಾರಾಗುವುದಿಲ್ಲ. ಎಷ್ಟು ದಿನ ಎಂದರೆ ಮೆಕ್ಯಾನಿಕ್ ಕೈ ಹೀಗೆ ಆಡಿಸುತ್ತಾನೆ.

ಮೊನ್ನೆ ಅವರ ಬೀರು ತೆಗೆದು ಮೂರನೆಯ ಕಡತ ನೋಡಿದೆವು. ಎಲ್ಲಕ್ಕೂ ದಾರಿ ಬರೆದಿಟ್ಟಿದ್ದಾರೆ. ಯಾವ ಬೀದಿ ದೀಪ ಆರಿಸಬೇಕು, ಯಾವ ರಸ್ತೆಯ ಗುಂಡಿಗೆ ಬರೀ ಮಣ್ಣು ಸಾಕು, ಯಾರ ಸಂಬಳ ಮೊದಲು ತಡೆಯಬೇಕು — ಅದರಲ್ಲಿ ಮೊದಲು ಅವರದೇ. ಕೊನೆಯ ಪುಟದ ತಲೆಯ ಮೇಲೆ ‘ಪಂಪ್ ನಿಂತರೆ’ ಎಂದಿದೆ. ಕೆಳಗೆ ಏನೂ ಇಲ್ಲ. ಪುಟ ಮಾತ್ರ ಮುಟ್ಟಿ ಮುಟ್ಟಿ ಮಾಸಿದೆ.

ಆ ಪುಟ ತುಂಬಿಸುವ ಬುದ್ಧಿ ನನಗಿಲ್ಲ. ಇಲ್ಲಿ ಯಾರಿಗಾದರೂ ಇದೆ ಎಂದೂ ಅನ್ನಿಸುವುದಿಲ್ಲ — ಬೇಜಾರು ಮಾಡಿಕೊಳ್ಳಬೇಡಿ. ಎಂಟನೆಯ ಪತ್ರವನ್ನು ಸಾಹೇಬರ ಮಗಳು ಬರೆದು ತಂದಿದ್ದಾಳೆ. ಅಪ್ಪನ ಕೊನೆಯ ಸಾಲನ್ನು ಹಾಗೇ ಇಟ್ಟಿದ್ದಾಳೆ. ಹೋಗುವಾಗ ಸಹಿ ಹಾಕಿ. ಮನೆಗೆ ಹೋಗಿ ಇರುವ ಪಾತ್ರೆಯಲ್ಲೆಲ್ಲ ನೀರು ತುಂಬಿಡಿ.

ಈಗ ಎಲ್ಲರೂ ಎದ್ದು ನಿಲ್ಲಿ. ಅತ್ತಿಗೆ, ನೀವು ಕೂತೇ ಇರಿ. ಆ ಕಿಟಕಿ ತೆರೆಯಿರಿ, ಪಂಪ್‌ಹೌಸ್ ಹಿಂದೆಯೇ ಇದೆ. ಒಂದು ನಿಮಿಷ ಯಾರೂ ಮಾತಾಡುವುದು ಬೇಡ, ಕೇಳಿಸಿಕೊಳ್ಳಿ. ಶಬ್ದ ಹೇಗಿದೆ ಎಂದು ಅವರು ಕೇಳಿದರೆ, ಈ ಸಲ ನಾನೊಬ್ಬನೇ ಉತ್ತರ ಹೇಳುವುದು ಬೇಡ.