ಅತ್ತೆ ಮೆಟ್ಟಿಲ ಅಪಘಾತ: ಸ್ಟಿಯರಿಂಗ್ ತಿರುಗಿದ ದಿಕ್ಕಿನ ಬಗ್ಗೆ ಆರ್ವಿಲ್ ಜಾರ್ಗೆನ್ಸನ್ ಬರೆಸಿದ ಎರಡನೆಯ ಹೇಳಿಕೆ

ಹೆಸರು ಆರ್ವಿಲ್ ಜಾರ್ಗೆನ್ಸನ್, ತಂದೆ ದಿವಂಗತ ಹೈರಮ್ ಜಾರ್ಗೆನ್ಸನ್, ವಯಸ್ಸು 66 ವರ್ಷ, ಕಲ್ಲಿದ್ದಲು ಗಣಿಯ ನಿವೃತ್ತ ವೆಲ್ಡರ್, ವಾಸ ಗ್ರೀಸ್‌ವುಡ್ ಬೆಂಚ್ ಊರಿನ ಕಾಲುವೆ ರಸ್ತೆ, ಮನೆ ಸಂಖ್ಯೆ 240, ಯೂಟಾ ರಾಜ್ಯ. ಇಂದು ದಿನಾಂಕ 9-11-2018ರ ಶುಕ್ರವಾರ ಬೆಳಿಗ್ಗೆ 9-15ಕ್ಕೆ, ಯಾರೂ ಕರೆಯದೆ, ನಾನಾಗಿಯೇ ಶೆರಿಫ್ ಕಚೇರಿಗೆ ಬಂದು ಡೆಪ್ಯುಟಿಯವರ ಎದುರು ಕುಳಿತು ಬರೆಸುವುದೇನೆಂದರೆ:

ದಿನಾಂಕ 15-9-2018ರಂದು ನಡೆದ ಟ್ರಕ್ ಅಪಘಾತದ ಬಗ್ಗೆ ನಾನು ಅದೇ ದಿನ ಇದೇ ಕಚೇರಿಗೆ ಒಂದು ಹೇಳಿಕೆ ಕೊಟ್ಟಿದ್ದೇನೆ. ನಾನು ಬಲಕ್ಕೆ ಎಂದು ಕೈ ತೋರಿಸಿದರೂ ಟ್ರಕ್ ಓಡಿಸುತ್ತಿದ್ದ ರೆನೇ ಬೀಸ್ಲಿ ಎಡಕ್ಕೆ ತಿರುಗಿಸಿದಳು ಎಂದು ಅದರಲ್ಲಿ ಬರೆಸಿದ್ದೆ. ಅದು ಸುಳ್ಳು. ಹೇಳುವಾಗಲೇ ಅದು ಸುಳ್ಳೆಂದು ನನಗೆ ಗೊತ್ತಿತ್ತು. ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ರೆನೇಯ ಗಂಡ ಲವಾರ್ ಬೀಸ್ಲಿ ನನಗೆ 41 ವರ್ಷಗಳಿಂದ ಸ್ನೇಹಿತ. ಗಣಿಯಲ್ಲಿ ಇಬ್ಬರೂ ಒಂದೇ ಪಾಳಿಯಲ್ಲಿದ್ದೆವು. 2014ರ ಏಪ್ರಿಲ್ ತಿಂಗಳಲ್ಲಿ ನಾವಿಬ್ಬರೂ ಸೇರಿ 1972ನೇ ಇಸವಿಯ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಒಂದು ಹಳೆಯ ಟ್ರಕ್ಕನ್ನು ಕುರಿ ಸಾಕುವವರೊಬ್ಬರಿಂದ ತಂದೆವು. ಅದು ಹತ್ತೊಂಬತ್ತು ವರ್ಷ ಬಯಲಿನ ಪೊದೆಗಳ ನಡುವೆ ನಿಂತಿತ್ತು. ಸೀಟಿನೊಳಗೆ ಇಲಿಗಳು ಮನೆ ಮಾಡಿದ್ದವು, ತಳದ ತಗಡಿನಲ್ಲಿ ತೂತು ಬಿದ್ದು ನೆಲ ಕಾಣುತ್ತಿತ್ತು. ಬಂಡೆ ಹಾದಿಗಳಲ್ಲಿ ಓಡಿಸಲು ಅದನ್ನು ಹೊಸದಾಗಿ ಕಟ್ಟುವುದೆಂದು ತೀರ್ಮಾನಿಸಿದೆವು. ನನ್ನ ಶೆಡ್ಡಿನಲ್ಲಿ ಕೆಲಸ ಮೂರು ವರ್ಷ ನಡೆಯಿತು. ಎಂಜಿನ್ ಮತ್ತು ಗೇರ್ ಪೆಟ್ಟಿಗೆ ಲವಾರನ ಪಾಲು. ಚಾಸಿಸ್, ಆಕ್ಸಲ್ ಮತ್ತು ಬೆಸುಗೆಯ ಕೆಲಸವೆಲ್ಲ ನನ್ನದು. ಟ್ರಕ್ ಮಗುಚಿದರೆ ಒಳಗಿನವರು ಉಳಿಯಲಿ ಎಂದು ಸೀಟುಗಳ ಸುತ್ತ ದಪ್ಪ ಉಕ್ಕಿನ ಕೊಳವೆಗಳ ಪಂಜರ ಕಟ್ಟಿದೆ. ಆ ಬೆಸುಗೆಗಳು 2016ರ ಬೇಸಿಗೆಯವು. ಆಗ ನನ್ನ ಕಣ್ಣು ಸರಿಯಿತ್ತು.

ರೆನೇ 26 ವರ್ಷ ಶಾಲಾ ಬಸ್ಸಿನ ಚಾಲಕಿಯಾಗಿದ್ದವಳು. ಒಂದು ಕಂಬಕ್ಕೂ ಬಸ್ಸು ತಾಗಿಸಿದವಳಲ್ಲ. ನಮ್ಮ ಟ್ರಕ್ಕಿನ ಬೇರಿಂಗುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದವಳು ಅವಳೇ. ಕೈ ಒರೆಸಿಕೊಳ್ಳುತ್ತಾ, "ತೊಳೆಯೋಕೆ ನಾನು, ಓಡ್ಸೋಕೆ ನೀವು. ಚೆನ್ನಾಗಿದೆ ಕಣ್ರೋ ನಿಮ್ಮ ನ್ಯಾಯ" ಎನ್ನುತ್ತಿದ್ದಳು.

2017ರ ಜನವರಿಯಲ್ಲಿ ನನ್ನ ಬಲಗಣ್ಣಿಗೆ ಪೊರೆ ಬಂದಿದೆ, ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂದು ಕಣ್ಣಿನ ವೈದ್ಯರು ಹೇಳಿದರು. ನಾನು ಮಾಡಿಸಲಿಲ್ಲ, ಯಾರಿಗೂ ಹೇಳಲೂ ಇಲ್ಲ. ನಮ್ಮ ಊರಿನಲ್ಲಿ ಏನಾದರೂ ಮುರಿದರೆ ಆರ್ವಿಲನ ಹತ್ತಿರ ಒಯ್ಯಿರಿ ಎನ್ನುವುದು ವಾಡಿಕೆ. ಆ ವಾಡಿಕೆ ತಪ್ಪುವುದು ನನಗೆ ಬೇಕಿರಲಿಲ್ಲ.

ದಿನಾಂಕ 14-7-2017ರ ಶುಕ್ರವಾರ ಟ್ರಕ್ ಮೊದಲ ಸಲ ಹೊರಡುವ ಹಿಂದಿನ ದಿನ. ಸ್ಪ್ರಿಂಗ್ ಪಟ್ಟಾಗಳನ್ನು ನಾಲ್ಕು ಇಂಚು ಎತ್ತರಿಸಿದ್ದರಿಂದ, ಮುಂದಿನ ಚಕ್ರಗಳನ್ನು ತಿರುಗಿಸುವ ಸ್ಟಿಯರಿಂಗ್ ಸರಳು ಒಂದೂಮುಕ್ಕಾಲು ಇಂಚು ಗಿಡ್ಡವಾಯಿತು. ಅಖಂಡವಾದ ಹೊಸ ಸರಳು ತರಿಸಲು ಒಂಬತ್ತು ದಿನ ಬೇಕಿತ್ತು. ಮಧ್ಯಾಹ್ನ 4-30ಕ್ಕೆ ಲವಾರ್ ಟ್ರೇಲರ್ ತರಲು ಹೋದಾಗ ನಾನು ಹಳೆಯ ಸರಳನ್ನು ಕತ್ತರಿಸಿ, ನಡುವೆ ತುಂಡು ಸೇರಿಸಿ ಬೆಸೆದೆ. ಹಾಗೆ ಬೆಸೆಯುವಾಗ ಕೂಡಿಕೆ ಗಟ್ಟಿಯಾಗಿರಲು ಒಳಗೊಂದು ಕೊಳವೆ ತೂರಿಸಬೇಕು. ಅದು ಕಲಿಯುವವರಿಗೂ ಗೊತ್ತಿರುವ ವಿಷಯ. ನಾನು ತೂರಿಸಲಿಲ್ಲ. ಬೆಸೆಯುವಾಗ ಕರಗಿದ ಲೋಹ ನನಗೆ ಕಾಣಲಿಲ್ಲ, ಹಳದಿ ಮಂಜು ಮಾತ್ರ ಕಂಡಿತು. ಆರಿದ ಮೇಲೆ ಬೆರಳಾಡಿಸಿದೆ. ಜೇನುಗೂಡಿನಂತೆ ಗುಳಿಗಳು ಸಿಕ್ಕವು. ಅದನ್ನು ಉಜ್ಜಿ ನಯಮಾಡಿ, ಗುಳಿಗಳಿಗೆ ಮೇಣ ತುಂಬಿ ಕಪ್ಪು ಬಣ್ಣ ಬಳಿದೆ. ಬೆಸೆಯಲು ಹನ್ನೊಂದು ನಿಮಿಷ ಹಿಡಿಯಿತು, ಮುಚ್ಚಿಹಾಕಲು ನಲವತ್ತು ನಿಮಿಷ.

ಮರುದಿನ ಬೆಳಿಗ್ಗೆ 6-10ಕ್ಕೆ ರೆನೇ ತನ್ನ ಬಸ್ಸಿನ ಅಭ್ಯಾಸದಂತೆ ಟಾರ್ಚು ಹಿಡಿದು ಟ್ರಕ್ಕಿನ ಕೆಳಗೆ ಮಲಗಿ ನೋಡಿದಳು. ಅಲ್ಲಿಂದಲೇ, "ಆರ್ವಿಲ್, ಈ ಸರಳಿಗೆ ಇಲ್ಲಿ ಮಾತ್ರ ಯಾಕೆ ಹೊಸ ಬಣ್ಣ?" ಎಂದು ಕೇಳಿದಳು. ಗೀರು ಬಿದ್ದಿತ್ತು ಎಂದೆ. "ಇಡೀ ಟ್ರಕ್ಕೇ ಗೀರಾಗಿರೋವಾಗ ಒಂದು ಗೀರಿಗೆ ಬಣ್ಣ ಬಳೀತಾರೇನಯ್ಯಾ?" ಎಂದಳು. ಬಂಡೆ ಹಾದಿಗಳಲ್ಲಿ ಟ್ರಕ್ ಓಡಿಸುವ ನಮ್ಮ ಕ್ಲಬ್ಬಿನ ಏಳು ಜನ ಸುತ್ತ ನಿಂತಿದ್ದರು. ನಾನು, "ನೀನು ಮಕ್ಕಳ ಮೂಗು ಒರೆಸಿ ಬಸ್ ಹತ್ತಿಸು ತಾಯಿ, ಬೆಸುಗೆ ನನಗೆ ಬಿಡು" ಎಂದೆ. ಎಲ್ಲರೂ ನಕ್ಕರು, ಲವಾರನೂ ನಕ್ಕ. ರೆನೇ ಎದ್ದು ಮಂಡಿಯ ಮಣ್ಣು ಕೊಡವಿಕೊಂಡು, "ಸರಿ. ಬೆಸುಗೆ ನಿಂದು" ಎಂದಳು. ಮತ್ತೆ ಆ ವಿಷಯ ಎತ್ತಲಿಲ್ಲ.

ಮುಂದಿನ ವಾರ ಬದಲಾಯಿಸುತ್ತೇನೆ ಎಂದುಕೊಂಡೆ. ಆ ಸರಳಿನ ಮೇಲೆ ಟ್ರಕ್ ಹದಿನಾಲ್ಕು ತಿಂಗಳು ಓಡಿತು. ಬದಲಾಯಿಸಬೇಕಾದರೆ ಯಾಕೆಂದು ಲವಾರನಿಗೆ ಹೇಳಬೇಕಾಗಿತ್ತು.

ದಿನಾಂಕ 15-9-2018ರ ಶನಿವಾರ ನಾವು ಮೂವರು ಊರಿನಿಂದ 23 ಮೈಲಿ ದೂರದ ಕೆಂಪು ಬಂಡೆಗಳ ಹಾದಿಗೆ ಹೋದೆವು. ಹಾದಿಯ ನಾಲ್ಕನೆಯ ಮೈಲಿಯಲ್ಲಿ ಮೂರು ಅಡಿ ಎತ್ತರದ ಬಂಡೆಯೊಂದನ್ನು ಇಳಿಯಬೇಕು. ಅದಕ್ಕೆ ನಮ್ಮವರು ಅತ್ತೆ ಮೆಟ್ಟಿಲು ಎನ್ನುತ್ತಾರೆ. ಎಡಕ್ಕೆ 22 ಅಡಿ ಆಳ. ಅಲ್ಲಿಗೆ ಮುಟ್ಟಿದಾಗ ಲವಾರ್ ಇಳಿದು ಬಾಗಿಲು ಹಿಡಿದು, "ಬಾರೇ, ಇವತ್ತು ನಿಂದು. ಮೂರು ವರ್ಷ ಬೇರಿಂಗ್ ತೊಳೆದಿದ್ದಕ್ಕೆ ಕೂಲಿ" ಎಂದ. ರೆನೇ ಸೀಟನ್ನು ಮುಂದಕ್ಕೆ ಎಳೆದುಕೊಂಡು, ಕನ್ನಡಿಗಳನ್ನು ಸರಿಮಾಡಿಕೊಂಡು, ಬೆಲ್ಟು ಕಟ್ಟಿ, ಪಕ್ಕದ ಸೀಟಿಗೆ ಬಂದು ಕುಳಿತ ಲವಾರನ ಬೆಲ್ಟನ್ನೂ ಎಳೆದು ನೋಡಿದಳು. ನಾನು ಕೆಳಗೆ 15 ಅಡಿ ದೂರದಲ್ಲಿ ಅವಳಿಗೆ ಎದುರಾಗಿ ನಿಂತು ಕೈಸನ್ನೆ ಮಾಡುತ್ತಿದ್ದೆ.

ಸಮಯ 10-40. ಎಡ ಮುಂಚಕ್ರ ಮೆಟ್ಟಿಲಿನಿಂದ ಇಳಿದ ಕೂಡಲೇ ನಾನು ಅವಳ ಬಲಕ್ಕೆ ತೋರಿಸಿದೆ. ಗಾಜಿನಾಚೆ ಅವಳ ಎರಡು ಕೈಗಳೂ ನನ್ನ ಎಡಗಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದ್ದವು. ಅವಳು ಬಲಕ್ಕೆ ತಿರುಗಿಸಿದಳು. ಕಡ್ಡಿ ಮುರಿದಂಥ ಒಂದು ಸದ್ದಾಯಿತು. ಅವಳ ಕೈ ಬಲಕ್ಕೆ ಹೋಗುತ್ತಲೇ ಇತ್ತು, ಚಕ್ರಗಳು ಎಡಕ್ಕೆ ಹೊರಳಿದವು. ಟ್ರಕ್ ಅಂಚು ದಾಟಿ, ಒಂದೂವರೆ ಸುತ್ತು ಉರುಳಿ ತಲೆಕೆಳಗಾಗಿ ನಿಂತಿತು.

ನಾನು ಇಳಿದು ಹೋಗುವಷ್ಟರಲ್ಲಿ ಪೆಟ್ರೋಲ್ ತೊಟ್ಟಿಕ್ಕುತ್ತಿತ್ತು. ಬ್ಯಾಟರಿಯ ತಂತಿ ಕಿತ್ತೆ. ರೆನೇಯ ಭುಜದ ಕಾಲರ್ ಮೂಳೆ ಮುರಿದಿತ್ತು. ಲವಾರನ ಬಲಗಾಲು ಬಾಗಿಲು ಮತ್ತು ಬಂಡೆಯ ನಡುವೆ ಸಿಕ್ಕಿಕೊಂಡಿತ್ತು. ಬೆಲ್ಟಿನಲ್ಲಿ ನೇತಾಡುತ್ತಲೇ ಅವನು, "ನಿನ್ನ ಪಂಜರದ ಪೈಪು ಒಂದೂ ಬಗ್ಗಿಲ್ಲ ನೋಡೋ" ಎಂದ. ರೆನೇ ನನ್ನ ಅಂಗಿ ಹಿಡಿದುಕೊಂಡು, "ಆರ್ವಿಲ್, ಅದು ಖಾಲಿ ತಿರುಗಿತು. ಕೈಲಿ ಏನೂ ಇರ್ಲಿಲ್ಲ" ಎಂದಳು. ಮಾತಾಡಬೇಡ, ಆಯಾಸವಾಗುತ್ತದೆ ಎಂದು ನಾನು ಅವಳಿಗೆ ಹೇಳಿದೆ. ಅವಳ ಆಯಾಸದ ಚಿಂತೆಯಿಂದ ಹೇಳಿದ್ದಲ್ಲ.

12-25ಕ್ಕೆ ಹೆಲಿಕಾಪ್ಟರ್ ಬಂದು ಇಬ್ಬರನ್ನೂ ಒಯ್ಯಿತು. 12-50ಕ್ಕೆ ಡೆಪ್ಯುಟಿಯವರು ಏನಾಯಿತೆಂದು ನನ್ನನ್ನು ಕೇಳಿದರು. ಸುಳ್ಳು ಹೇಳಲು ನನಗೆ ಎರಡು ಸೆಕೆಂಡೂ ಬೇಕಾಗಲಿಲ್ಲ. ಆಕೆ ಬಸ್ ಓಡಿಸಿದವರಲ್ಲವೇ ಎಂದು ಅವರು ಮತ್ತೆ ಕೇಳಿದಾಗ, "ಬಸ್ಸೇ ಬೇರೆ, ಬಂಡೆಯೇ ಬೇರೆ ಸಾರ್" ಎಂದೆ. ಅವರು ಅದನ್ನೂ ಬರೆದುಕೊಂಡರು.

ಮರುದಿನ ಲವಾರನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು.

ದಿನಾಂಕ 17-9-2018ರಂದು ಟ್ರಕ್ ಇರಿಸಿದ್ದ ಅಂಗಳಕ್ಕೆ ನನ್ನನ್ನು ಕರೆಸಿ, ತಿಳಿದವರು ನೀವೇ, ನೋಡಿ ಹೇಳಿ ಎಂದು ಡೆಪ್ಯುಟಿಯವರು ಕೇಳಿದರು. ಸರಳು ನನ್ನ ಬೆಸುಗೆಯಲ್ಲೇ ತುಂಡಾಗಿತ್ತು. ಮುರಿದ ಮುಖದ ಮುಕ್ಕಾಲು ಭಾಗ ತುಕ್ಕು ಹಿಡಿದು ಕಪ್ಪಾಗಿತ್ತು, ಉಗುರಿನಷ್ಟು ಮಾತ್ರ ಹೊಳೆಯುತ್ತಿತ್ತು. ಎಂದರೆ ತಿಂಗಳುಗಟ್ಟಲೆ ಬಿರುಕು ಬಿಟ್ಟುಕೊಂಡೇ ಅದು ನಮ್ಮನ್ನು ಹೊತ್ತಿತ್ತು. ಉರುಳುವಾಗ ಮುರಿದದ್ದು ಎಂದು ಹೇಳಿದೆ. ಅವರು ಫೋನಿನಲ್ಲಿ ಮಾತಾಡುತ್ತಿದ್ದಾಗ ಎರಡೂ ತುಂಡುಗಳನ್ನು ಬಿಚ್ಚಿ ಕೋಟಿನೊಳಗೆ ಇಟ್ಟುಕೊಂಡೆ. ಅವನ್ನು ಇಂದು ತಂದು ಒಪ್ಪಿಸಿದ್ದೇನೆ.

ದಿನಾಂಕ 28-9-2018ರಂದು ಆಸ್ಪತ್ರೆಯಲ್ಲಿ ಲವಾರನನ್ನು ನೋಡಿದೆ. ಅವನು ನನ್ನ ಕೈ ಹಿಡಿದು, "ನಿನ್ನ ಪಂಜರ ಇಲ್ದಿದ್ರೆ ಇಬ್ರೂ ಹೋಗ್ತಿದ್ವಿ ಕಣೋ" ಎಂದ. ಆಮೇಲೆ ದನಿ ತಗ್ಗಿಸಿ, "ರೆನೇ ಮುಂದೆ ಸ್ಟಿಯರಿಂಗ್ ಮಾತು ತೆಗೀಬೇಡ. ಖಾಲಿ ತಿರುಗಿತು, ಖಾಲಿ ತಿರುಗಿತು ಅಂತ ಹತ್ತು ದಿನ ಒಂದೇ ಸಮ ಅಂತಿದ್ಲು. ಕೊನೆಗೆ ನಾನೇ ಹೇಳ್ದೆ, ಆರ್ವಿಲ್ ಕಣ್ಣಾರೆ ನೋಡಿದಾನೆ, ಅವನು ಯಾಕೆ ಸುಳ್ಳು ಹೇಳ್ತಾನೆ ಅಂತ. ಈಗ ಸುಮ್ನಾಗಿದಾಳೆ" ಎಂದ. ನಾನು ತಲೆಯಾಡಿಸಿದೆ.

ದಿನಾಂಕ 14-10-2018ರ ಭಾನುವಾರ ಚರ್ಚು ಮುಗಿದ ಮೇಲೆ 1-20ಕ್ಕೆ ರೆನೇ ನನ್ನ ಮನೆಗೆ ಬಂದಳು. ಅವರ ಮನೆಯಿಂದ ನಮ್ಮ ಮನೆಗೆ ಒಂದೂಕಾಲು ಮೈಲಿ. ಒಂದು ಕೈ ಕೊರಳಿಗೆ ಕಟ್ಟಿದ ಪಟ್ಟಿಯಲ್ಲಿತ್ತು, ಇನ್ನೊಂದರಲ್ಲಿ ಅವಳೇ ಸಕ್ಕರೆ ಪಾಕದಲ್ಲಿ ಹಾಕಿಟ್ಟ ಪೀಚ್ ಹಣ್ಣಿನ ಬಾಟಲಿ. ನಡೆದೇ ಬಂದಿದ್ದಳು. ಕಾರಿನ ಕೀಲಿಯನ್ನು ತಂಗಿಗೆ ಕೊಟ್ಟುಬಿಟ್ಟಿದ್ದೇನೆ ಎಂದಳು. ಕೂರು ಎಂದರೂ ಕೂರಲಿಲ್ಲ. ಬಾಗಿಲಲ್ಲಿ ನಿಂತು, "ಎಡಕ್ಕೆ ತಿರುಗಿಸಿದ್ದು ನನಗೆ ನೆನಪಿಲ್ಲ. ಆದ್ರೆ ನೀನು ನೋಡಿದೀಯ. ಅವರ ಕಾಲು ಹೋಯ್ತು, ನಿಮ್ಮಿಬ್ಬರ ಮೂರು ವರ್ಷದ ಕೆಲಸ ಹೋಯ್ತು. ತಪ್ಪಾಯ್ತು ಆರ್ವಿಲ್" ಎಂದಳು.

ಅದಕ್ಕೆ ನಾನು, "ಎಲ್ಲರಿಗೂ ಒಂದೊಂದ್ಸಲ ಆಗುತ್ತೆ ರೆನೇ. ಮನಸ್ಸಿಗೆ ಹಚ್ಕೋಬೇಡ" ಎಂದೆ. ಈ ಮಾತನ್ನು ಇದ್ದ ಹಾಗೆಯೇ ಬರೆದುಕೊಳ್ಳಬೇಕೆಂದು ಡೆಪ್ಯುಟಿಯವರನ್ನು ಕೋರಿದ್ದೇನೆ. ನಾನು ಅವಳನ್ನು ಕ್ಷಮಿಸಿದೆ. ಅವಳು ನನಗೆ ಥ್ಯಾಂಕ್ಸ್ ಹೇಳಿ ಬಿಸಿಲಲ್ಲಿ ನಡೆದು ಹೋದಳು. ಪೀಚ್ ಹಣ್ಣನ್ನು ನಾನು ತಿಂದೆ.

ನಿನ್ನೆ ದಿನಾಂಕ 8-11-2018ರ ಗುರುವಾರ ಲವಾರನಿಗೆ ಕೃತಕ ಕಾಲಿನ ಅಳತೆ ಕೊಡಲು 70 ಮೈಲಿ ದೂರದ ಆಸ್ಪತ್ರೆಗೆ ಹೋಗಬೇಕಿತ್ತು. ರೆನೇ ಓಡಿಸುವುದಿಲ್ಲವಾದ್ದರಿಂದ ನಾನು ಕರೆದುಕೊಂಡು ಹೋದೆ. ಎಡಗಣ್ಣಿನ ಮೇಲೆ ನಿಧಾನವಾಗಿ ಓಡಿಸಿದೆ. ನಮ್ಮ ಮುಂದೆ ಶಾಲಾ ಬಸ್ಸೊಂದು ಹೋಗುತ್ತಿತ್ತು. ಹೊಸ ಚಾಲಕರಿಗೆ ಕಲಿಸಲು ಬಾ ಎಂದು ಶಾಲೆಯವರು ರೆನೇಗೆ ಕಾಗದ ಬರೆದಿದ್ದರು, ಇವಳು ಒಪ್ಪಲಿಲ್ಲ ಎಂದು ಲವಾರ್ ಹೇಳಿದ. ಹಿಂದಿನ ಸೀಟಿನಿಂದ ರೆನೇ, "ಎಡ ಬಲ ಗೊತ್ತಿಲ್ದೋಳು ಏನ್ ಕಲಿಸ್ತಾಳೆ" ಎಂದಳು. ಅವಳು ತಮಾಷೆಗೆ ಹೇಳಿದ ಹಾಗೆ ಕೇಳಲಿಲ್ಲ. 8-20ಕ್ಕೆ ನಾನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಹೇಳಿಬಿಡಬೇಕೆಂದೇ ನಿಲ್ಲಿಸಿದ್ದು. ಟೈರಿನಲ್ಲಿ ಗಾಳಿ ಕಡಿಮೆಯೆನಿಸಿತು ಎಂದು ಹೇಳಿ, ಇಳಿದು, ಸರಿಯಿದ್ದ ಟೈರನ್ನು ಒದ್ದು ನೋಡಿ ಮತ್ತೆ ಹತ್ತಿದೆ.

ಹಿಂತಿರುಗಿ ಅವರ ಮನೆಯ ಅಡುಗೆಮನೆಯಲ್ಲಿ 4-05ಕ್ಕೆ ಹೇಳಿದೆ. ಮೇಲೆ ಬರೆಸಿದ್ದನ್ನೆಲ್ಲ ಹೇಳಿದೆ. ರೆನೇ ಸೂಪು ಕಾಯುತ್ತಿದ್ದ ಒಲೆಯನ್ನು ಆರಿಸಿ, "ಹಂಗಾದ್ರೆ ನಾನು ತಿರುಗಿಸಿದ್ದು ಬಲಕ್ಕೇ" ಎಂದಳು. ಹೌದು, ಬಲಕ್ಕೇ ಎಂದೆ. "ಇನ್ನೊಂದ್ಸಲ ಹೇಳು" ಎಂದಳು. ಹೇಳಿದೆ. ಮೂರನೆಯ ಸಲವೂ ಹೇಳಿಸಿದಳು. ಎದುರಿಗೆ ಸ್ಟಿಯರಿಂಗ್ ಇದೆಯೋ ಎಂಬಂತೆ ಎರಡೂ ಕೈಗಳನ್ನು ಎತ್ತಿ, ನೋವಿರುವ ಕೈಯನ್ನೂ ಎತ್ತಿ, ನಿಧಾನವಾಗಿ ಬಲಕ್ಕೆ ತಿರುಗಿಸಿದಳು. ತನ್ನ ಕೈಗಳನ್ನೇ ನೋಡುತ್ತಿದ್ದಳು.

ಲವಾರ್ ಕುರ್ಚಿಯನ್ನು ನನ್ನ ಕಡೆಗೆ ಹೊರಳಿಸಿಕೊಂಡ. ಆಮೇಲೆ, "ಕಣ್ಣು ಮಂಜಾಗಿದೆ ಅಂತ ಒಂದು ಮಾತು ಹೇಳಿದ್ರೆ ಹೊಸ ಸರಳಿಗೆ ಒಂಬತ್ತು ದಿನ ಕಾಯ್ತಿದ್ವಲ್ಲೋ" ಎಂದ. ಕಾಲಿನ ವಿಷಯಕ್ಕೆ ಏನು ಹೇಳಲೂ ನನಗೆ ಬಾಯಿಲ್ಲ ಎಂದು ನಾನು ಹೇಳತೊಡಗಿದಾಗ ಅವನು ತಡೆದು, "ಕಾಲು ಹಾಳಾಗಿ ಹೋಗ್ಲಿ. ನನ್ನ ಹೆಂಡ್ತಿ ಆಸ್ಪತ್ರೆ ಮಂಚದ ಮೇಲೆ ಕೂತು ನಿಜ ಹೇಳ್ತಿದ್ಲು. ನಾನು ಅವಳ ಬಾಯಿ ಮುಚ್ಚಿಸ್ದೆ. ಅದನ್ನ ನೀನು ನನ್ನ ಕೈಲಿ ಮಾಡಿಸ್ದೆ" ಎಂದ. ಇನ್ನು ಹೋಗು ಎಂದೂ ಹೇಳಿದ.

ನಾನು ಬಾಗಿಲ ಹತ್ತಿರ ಹೋದಾಗ ರೆನೇ ಕರೆದು, "ಅಡುಗೆಮನೇಲಿ ಹೇಳಿದ್ದು ಸಾಲ್ದು ಆರ್ವಿಲ್. ಎಲ್ಲಿ ಬರೆಸಿದ್ಯೋ ಅಲ್ಲೇ ಬರೆಸು" ಎಂದಳು. ಅದರಂತೆ ಬಂದಿದ್ದೇನೆ.

ನನ್ನ ಮೇಲೆ ಯಾರೂ ಒತ್ತಡ ಹೇರಿಲ್ಲ. ಇದರಿಂದ ನನಗೆ ಶಿಕ್ಷೆಯಾಗಬಹುದೆಂದು ಡೆಪ್ಯುಟಿಯವರು ಮೊದಲೇ ತಿಳಿಸಿದ್ದಾರೆ. ಬರೆದದ್ದನ್ನು ಅವರು ಗಟ್ಟಿಯಾಗಿ ಓದಿ ಹೇಳಿದರು, ಕೇಳಿದೆ. ನಾನು ಹೇಳಿದ್ದೇ ಇದೆ, ಇರುವುದೆಲ್ಲ ನಿಜ. ಇದರ ಒಂದು ಪ್ರತಿಯನ್ನು ರೆನೇ ಬೀಸ್ಲಿಗೆ ಕೊಡಬೇಕೆಂದು ಕೇಳಿಕೊಂಡೆ. ಒಂದೇ ಊರಿನವರಲ್ಲವೇ, ನೀವೇ ಒಯ್ದು ಕೊಡುತ್ತೀರಾ ಎಂದು ಡೆಪ್ಯುಟಿಯವರು ಕೇಳಿದರು. ಇಲ್ಲ, ದಯವಿಟ್ಟು ಅಂಚೆಯಲ್ಲಿ ಕಳುಹಿಸಿ ಎಂದೆ.

ಸ್ಥಳ: ಗ್ರೀಸ್‌ವುಡ್ ಬೆಂಚ್
ದಿನಾಂಕ: 9-11-2018, ಬೆಳಿಗ್ಗೆ 11-05
(ಸಹಿ) ಆರ್ವಿಲ್ ಜಾರ್ಗೆನ್ಸನ್