ಮೊಳೆ ಹೊಡೆಯದ ತಗಡು

ವೇದಿಕೆಯ ಮೇಲಿರುವ ಅಧ್ಯಕ್ಷರೇ, ತಗಡು ದಾನ ಮಾಡಲು ಶಹಾಪುರದಿಂದ ಬಂದಿರುವ ಅತಿಥಿಗಳೇ, ನಮ್ಮ ಮಾತು ಯಾವಾಗ ಮುಗಿದೀತೆಂದು ಕಾಯುತ್ತಿರುವ ಸಭಿಕರೇ,

ಎರಡು ಮಾತಾಡಿ ಹಂಚಿಕೆ ಶುರುಮಾಡಿ ಎಂದು ನನ್ನನ್ನು ಕರೆದಿದ್ದಾರೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ಎರಡು ಮಾತಿನಲ್ಲಿ ಮುಗಿಸಿದ್ದನ್ನು ಯಾರಾದರೂ ಕಂಡಿದ್ದೀರಾ?

ಹೋದ ತಿಂಗಳ ಸುಂಟರಗಾಳಿಯನ್ನು ನಾನು ವರ್ಣಿಸುವುದಿಲ್ಲ. ನನ್ನದು ಸಿಮೆಂಟಿನ ಮಾಳಿಗೆ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ. ಬೆಳಗ್ಗೆ ಬಾಗಿಲು ತೆರೆದರೆ ಓಣಿಯ ಮನೆಗಳಿಗೆ ಸೂರೇ ಇರಲಿಲ್ಲ. ಲಾಲಮ್ಮನ ಮನೆಯ ತಗಡು ಹಾರಿಹೋಗಿ, ಎಮ್ಮೆ ಬಿಚ್ಚಲು ಅಂಗಳಕ್ಕೆ ಬಂದಿದ್ದ ಎದುರು ಮನೆಯ ಅಯ್ಯಮ್ಮನಿಗೆ ಬಡಿದಿತ್ತು. ಅಯ್ಯಮ್ಮನ ಬಲಗೈ ಉಳಿಯಲಿಲ್ಲ.

ತಪ್ಪು ಗಾಳಿಯದೇ? ಗಾಳಿ ನಮ್ಮ ಸೀಮೆಗೆ ಕಾಲುವೆ ಬರುವ ಮೊದಲೂ ಇತ್ತು. ಆಗ ನಮ್ಮವು ಮಣ್ಣಿನ ಮಾಳಿಗೆಗಳು, ಸೋರುತ್ತಿದ್ದವು, ಹಾರುತ್ತಿರಲಿಲ್ಲ. ನಾವು ತಗಡು ಕಂಡದ್ದು ಆ ಕಾಲುವೆ ಅಗೆಯಲು ಕೂಲಿಗೆ ಹೋದಾಗ. ನನ್ನ ಬಾಲ್ಯ ಕಳೆದದ್ದು ಭೀಮರಾಯನಗುಡಿಯ ಆಚೆಯ ಕೂಲಿ ಕ್ಯಾಂಪುಗಳಲ್ಲಿ. ಕಾಲುವೆ ಮುಂದೆ ಹೋದಂತೆ ಮನೆಯೂ ಮುಂದೆ ಹೋಗಬೇಕು. ಅಪ್ಪ ಸುತ್ತಿಗೆ ಹಿಡಿದರೆ ಅವ್ವ ಗದರುತ್ತಿದ್ದಳು: "ಮೊಳಿ ಹೊಡಿಬ್ಯಾಡ. ನಾಳಿ ಕಿತ್ತಬೇಕಾಗ್ತದ. ತೂತಿನಾಗ ನೀರು ಸೋರಿದ್ರ ನಿನ್ನ ತಲಿ ಅಲ್ಲಿ ಇಡು, ನನ್ನ ಬೈಬ್ಯಾಡ." ಹಾಗಾಗಿ ತಗಡಿನ ಮೇಲೆ ಬರೀ ಕಲ್ಲು ಹೇರುತ್ತಿದ್ದೆವು. ಕಾಲುವೆ ಮುಗಿಯಿತು, ನೀರು ಬಂತು, ಊರಿಗೆ ಮರಳಿ ಮನೆ ಕಟ್ಟಿಕೊಂಡೆವು. ಕಲ್ಲು ಹೇರುವ ರೂಢಿ ಮಾತ್ರ ಬಿಡಲಿಲ್ಲ. ನಾಳೆ ಎಲ್ಲಿಗೆ ಹೊರಟಿದ್ದೇವೆ, ಮಹನೀಯರೇ?

ಇವತ್ತು ಅದೇ ತಗಡು ಬಂದಿದೆ. ಜೊತೆಗೆ ಒಂದು ಮೊಳೆಯಿಲ್ಲ, ಕೊಕ್ಕೆಯಿಲ್ಲ. ಪಟ್ಟಿ ಬರೆಯುವಾಗಲೇ ಲಾಲಮ್ಮ ಬೇಡವೆಂದಿದ್ದಳು. ಹಂಚಿಕೆ ಸಮಿತಿಯ ಮರಿಲಿಂಗಪ್ಪನವರು, "ಕೊಟ್ಟದ್ದು ಒಲ್ಲೆ ಅಂತಾಳ. ಎಷ್ಟ್ ಸೊಕ್ಕರಿ ಇಕಿಗಿ" ಎಂದು ಅವಳ ಹೆಸರನ್ನೇ ಕೈಬಿಟ್ಟರು. ಮಳೆಗಾಲ ಬಾಗಿಲಲ್ಲಿದೆ. ಗೋಡೆಯಿಂದ ಗೋಡೆಗೆ ಹಳೆಯ ಸೀರೆ ಕಟ್ಟಿ, ಅದರ ಕೆಳಗೆ ಮಕ್ಕಳನ್ನು ಮಲಗಿಸುವವಳಿಗೆ ಸೊಕ್ಕೇ?

ನಿನ್ನೆ ಅವಳನ್ನೇ ಕೇಳಲು ಹೋದೆ. ಅಯ್ಯಮ್ಮನ ಅಂಗಳದಲ್ಲಿ ಕುಳಿತು ಅಯ್ಯಮ್ಮನ ತಲೆ ಬಾಚುತ್ತಿದ್ದಳು. "ಶಹಾಬಾದಿ ಕಲ್ಲಿನ ಪರ್ಸಿ ಚಪ್ಪಡಿ ಕೊಡಸ್ರಿ ಮಾಸ್ತರ, ಅದನ್ನ ಹೊದಸ್ತೀನಿ" ಎಂದಳು. "ಬಿದ್ರ ನನ್ನ ಮ್ಯಾಲೇ ಬೀಳ್ತದ. ಮಂದಿ ಮನಿಗಿ ಹಾರಿ ಹೋಗಂಗಿಲ್ಲ."

ಅಯ್ಯಮ್ಮ ಅಂದಳು: "ಮಾತು ಸಾಕು, ಬಾಚು. ಸಿಕ್ಕು ಹಂಗೇ ಅದ."

ಅಧ್ಯಕ್ಷರೇ, ನಾನು ಓದಿದ ಯಾವ ಪುಸ್ತಕದಲ್ಲೂ ಇದಕ್ಕೆ ಸೊಕ್ಕು ಎಂಬ ಹೆಸರಿಲ್ಲ. ಲಾಲಮ್ಮನಿಗೆ ತಗಡಿನ ಬದಲು ಪರ್ಸಿ ಕೊಡಿ. ಉಳಿದವರಿಗೆ ತಗಡಿನ ಜೊತೆ ಕೊಕ್ಕೆ ಕೊಡಿ. ಎರಡಕ್ಕೂ ನೀವು ಈ ಮೈಕಿನಲ್ಲೇ ಹೂಂ ಅಂದರೆ ಮೊದಲ ತಗಡನ್ನು ನಾನು ಹಂಚುತ್ತೇನೆ. ಅಲ್ಲಿಯತನಕ ಫೋಟೊ ತೆಗೆಯುವವರು ಕುಳಿತುಕೊಳ್ಳಲಿ.

ತಾಳ್ಮೆಯಿಂದ ಕೇಳಿದ ನಿಮಗೆಲ್ಲ ಋಣಿ. ಮೈಕು ಅಧ್ಯಕ್ಷರ ಕಡೆ ತಿರುಗಿಸಿದ್ದೇನೆ. ನಾನು ಇಲ್ಲೇ ನಿಂತಿರುತ್ತೇನೆ. ನಮಸ್ಕಾರ.